ಹಳೆಯ ಸ್ಪೋರ್ಟ್ಸ್ ಕಾರಿಗೆ ಎಷ್ಟು ರೇಸ್ ಕೊಡಬೇಕು?

(ಕಲಬುರಗಿಯಲ್ಲಿ ಹಳೆಯ ಕಾರುಗಳ ಮಾಲೀಕರು, ಗ್ಯಾರೇಜ್ ಮಿಸ್ತ್ರಿಗಳು ಮತ್ತು ಡಿಪ್ಲೊಮಾ ವಿದ್ಯಾರ್ಥಿಗಳು ಸೇರಿದ್ದ ಸಭೆಯಲ್ಲಿ ಆಡಿದ ಮಾತುಗಳ ಬರಹ ರೂಪ. ಸಭಿಕರು ಕೇಳಿದ ಕೆಲವು ಪ್ರಶ್ನೆಗಳನ್ನು ಕೊನೆಯಲ್ಲಿ ಸೇರಿಸಿದೆ.)

ಎಲ್ಲರಿಗೂ ಶರಣು ಶರಣಾರ್ಥಿ.

ಎಂಜಿನ್ ಬಿಚ್ಚಿ ಕಟ್ಟುವುದು ನನ್ನ ಕೆಲಸ. ಹಳೆಯ ಗಾಡಿ ಕೊಂಡವರು ವರ್ಕ್‌ಶಾಪಿಗೆ ಬಂದರೆ ಮೊದಲು ಕೇಳುವ ಮಾತು ಇದೇ: "ಗಾಡಿ ಹಳೀದದರಿ, ಎಷ್ಟು ರೇಸ್ ಕೊಟ್ರ ನಡೀತದ?" ಕೆಲವರು ಅಂಜಿಕೊಂಡು ಎಂಜಿನ್ನನ್ನು ನಿಮಿಷಕ್ಕೆ 2500 ಸುತ್ತು ದಾಟಿಸುವುದೇ ಇಲ್ಲ. ಇನ್ನು ಕೆಲವರು ಚಾವಿ ತಿರುಗಿಸಿದ ಕೂಡಲೇ ಸುತ್ತು ತೋರಿಸುವ ಆರ್‌ಪಿಎಂ ಮೀಟರಿನ ಮುಳ್ಳನ್ನು ಕೆಂಪು ಗೆರೆಗೆ, ಅಂದರೆ ಕಂಪನಿ ಹಾಕಿದ ಮಿತಿಗೆ, ಮುಟ್ಟಿಸುತ್ತಾರೆ. ಇಬ್ಬರ ಎಂಜಿನ್ನೂ ಒಂದು ದಿನ ನನ್ನ ಮೇಜಿಗೆ ಬರುತ್ತದೆ. ಮೊದಲನೆಯವರದ್ದನ್ನು ಬಿಚ್ಚಿದರೆ ವಾಲ್ವಿನ ಹಿಂದೆ ಗಟ್ಟಿಯಾದ ಕಾರ್ಬನ್, ಪಿಸ್ಟನ್ನಿನ ಕಚ್ಚಿನಲ್ಲೇ ಅಂಟಿ ಕುಳಿತ ರಿಂಗು, ಮಸಿ ಹಿಡಿದ ಪ್ಲಗ್. ಎರಡನೆಯವರದ್ದರಲ್ಲಿ ಗೀರು ಬಿದ್ದ ಪಿಸ್ಟನ್, ಮೇಲಿನ ಪದರ ಹೋಗಿ ಒಳಗಿನ ತಾಮ್ರ ಕಾಣುವ ಬೇರಿಂಗ್.

ನನ್ನ ಮಾತನ್ನು ಮೊದಲೇ ಹೇಳಿಬಿಡುತ್ತೇನೆ. ಆಯಿಲ್ ಕಾಯುವ ತನಕ ಏರಿಸಬೇಡಿ. ಕಾದ ಮೇಲೆ ಅಂಜಬೇಡಿ. ಎಲ್ಲಿಗೆ ನಿಲ್ಲಿಸಬೇಕು ಎಂಬುದನ್ನು ಮಾತ್ರ ಡಯಲ್ಲಿನ ಕೆಂಪು ಬಣ್ಣಕ್ಕೆ ಬಿಡದೆ, ಎಂಜಿನ್ನಿನ ಒಳಗೆ ಏನಿದೆ ಎಂದು ತಿಳಿದು ನೀವೇ ಗೊತ್ತು ಮಾಡಿಕೊಳ್ಳಿ. ಈ ಮೂರಕ್ಕೂ ಕಾರಣ ಏನೆಂದು ಈಗ ನೋಡೋಣ.

ಪಿಸ್ಟನ್ ಮೇಲೆ ಹೋಗುತ್ತದೆ, ನಿಲ್ಲುತ್ತದೆ, ಕೆಳಗೆ ಬರುತ್ತದೆ, ಮತ್ತೆ ನಿಲ್ಲುತ್ತದೆ. ನಮ್ಮೆಲ್ಲರಿಗೂ ಗೊತ್ತಿರುವ ಪ್ರೀಮಿಯರ್ ಪದ್ಮಿನಿಯನ್ನೇ ತೆಗೆದುಕೊಳ್ಳಿ. 1089 ಸಿಸಿ, 68 ಮಿ.ಮೀ. ಬೋರ್ (ಸಿಲಿಂಡರಿನ ಅಗಲ), 75 ಮಿ.ಮೀ. ಸ್ಟ್ರೋಕ್ (ಪಿಸ್ಟನ್ ತುದಿಯಿಂದ ತುದಿಗೆ ಓಡುವ ದೂರ). ನಿಮಿಷಕ್ಕೆ 5000 ಸುತ್ತು ತಿರುಗುವಾಗ ಪ್ರತಿ ಪಿಸ್ಟನ್ ಒಂದು ಸೆಕೆಂಡಿನಲ್ಲಿ 160ಕ್ಕೂ ಹೆಚ್ಚು ಸಲ ನಿಂತು ದಿಕ್ಕು ಬದಲಿಸುತ್ತದೆ. ತುದಿಯಲ್ಲಿ ಅದನ್ನು ಹಿಡಿದು ಕೆಳಕ್ಕೆ ಎಳೆಯುವುದು ಕನೆಕ್ಟಿಂಗ್ ರಾಡ್, ಅಂದರೆ ಪಿಸ್ಟನ್ನನ್ನು ಕೆಳಗೆ ತಿರುಗುವ ಕ್ರ್ಯಾಂಕ್ ಶಾಫ್ಟಿಗೆ ಕೂಡಿಸುವ ಸರಳು. ಆ ಕ್ಷಣದ ಎಳೆತ ಪಿಸ್ಟನ್ನಿನ ತೂಕದ ಸಾವಿರ ಪಟ್ಟಿಗಿಂತ ಹೆಚ್ಚು. ಪಿಸ್ಟನ್, ಪಿನ್, ರಿಂಗು ಎಲ್ಲಾ ಸೇರಿ ಅರ್ಧ ಕಿಲೋ ಎಂದು ಲೆಕ್ಕಕ್ಕೆ ಹಿಡಿದರೂ ಅರ್ಧ ಟನ್ ಮೀರಿದ ಜಗ್ಗಾಟ. ಅದನ್ನು ತಡೆದುಕೊಳ್ಳುವುದು ರಾಡಿನ ಬುಡವನ್ನು ಕ್ರ್ಯಾಂಕಿಗೆ ಬಿಗಿದ ಎರಡು ಬೋಲ್ಟುಗಳು.

ಈ ಎಳೆತ ಸುತ್ತಿನ ವರ್ಗದಂತೆ ಏರುತ್ತದೆ. ಜೋಳದ ಹೊಲದಲ್ಲಿ ಹಕ್ಕಿ ಓಡಿಸಲು ಕವಣೆ ಬೀಸಿದವರಿಗೆ ಇದು ಕೈಯಲ್ಲೇ ಗೊತ್ತು. ಎರಡು ಪಟ್ಟು ಜೋರಾಗಿ ತಿರುಗಿಸಿದರೆ ಕಲ್ಲು ನಾಲ್ಕು ಪಟ್ಟು ಜಗ್ಗುತ್ತದೆ. ಎಂಜಿನ್ನಿನಲ್ಲೂ ಅದೇ ಲೆಕ್ಕ. 5000ದಿಂದ 6000ಕ್ಕೆ ಹೋದರೆ ಸುತ್ತು ಹೆಚ್ಚಿದ್ದು ಶೇ. 20, ಬೋಲ್ಟಿನ ಮೇಲಿನ ಎಳೆತ ಹೆಚ್ಚಿದ್ದು ಶೇ. 44. ಕೊನೆಯ ಒಂದು ಸಾವಿರ ಸುತ್ತು ಅಷ್ಟು ದುಬಾರಿ.

ಹಾಗಾದರೆ ಹೆಚ್ಚು ಸುತ್ತುವ ಎಂಜಿನ್ನಿಗೇ ಹೆಚ್ಚು ಕಷ್ಟವೇ? ಹಾಗೇನಿಲ್ಲ, ಸ್ಟ್ರೋಕ್ ನೋಡಬೇಕು. ಹೈದರಾಬಾದಿನಿಂದ ಎಂಜಿಬಿ ತಂದವರೊಬ್ಬರು ಇಲ್ಲೇ ಕುಳಿತಿದ್ದಾರೆ. 1962ರಿಂದ 1980ರವರೆಗೆ ಬಂದ ಆ ಬ್ರಿಟಿಷ್ ಕಾರಿನ 1798 ಸಿಸಿ ಎಂಜಿನ್ನಿಗೆ ಸ್ಟ್ರೋಕ್ 88.9 ಮಿ.ಮೀ. ಅದೇ ಕಾಲದ ಫೆರಾರಿ 250ರ ಮೂರು ಲೀಟರ್ ವಿ12ಕ್ಕೆ ಸ್ಟ್ರೋಕ್ ಬರೀ 58.8 ಮಿ.ಮೀ. ಸ್ಟ್ರೋಕಿನ ಎರಡರಷ್ಟನ್ನು ಸುತ್ತಿನಿಂದ ಗುಣಿಸಿ 60ರಿಂದ ಭಾಗಿಸಿದರೆ ಪಿಸ್ಟನ್ನಿನ ಸರಾಸರಿ ವೇಗ ಸಿಗುತ್ತದೆ. ಎಂಜಿಬಿಯ ಪಿಸ್ಟನ್ 5500 ಸುತ್ತಿನಲ್ಲಿ ಸೆಕೆಂಡಿಗೆ 16.3 ಮೀಟರ್ ಓಡುತ್ತದೆ, ಫೆರಾರಿಯದು 7000ದಲ್ಲಿ 13.7 ಮೀಟರ್. ಕಿವಿಗೆ ಫೆರಾರಿ ಚೀರುತ್ತಿದೆ ಅನ್ನಿಸುತ್ತದೆ. ನಿಜವಾಗಿ ಹೆಚ್ಚು ವೇಗದಲ್ಲಿ ಓಡುತ್ತಿರುವುದು ಗೊಗ್ಗರು ದನಿಯ ಎಂಜಿಬಿಯ ಪಿಸ್ಟನ್. ಸದ್ದು ಕೇಳಿ ಎಂಜಿನ್ನಿನ ಕಷ್ಟ ಅಳೆಯಬೇಡಿ ಎಂದು ನಾನು ಹುಡುಗರಿಗೆ ಹೇಳುವುದು ಇದಕ್ಕೇ.

ಇದಕ್ಕೆ ಇನ್ನೂ ಒಳ್ಳೆಯ ಉದಾಹರಣೆ ನಮ್ಮ ದೇಶಕ್ಕೆ ಹತ್ತಿರದ್ದೇ ಇದೆ. ಮದ್ರಾಸಿನಲ್ಲಿ ತಯಾರಾಗುತ್ತಿದ್ದ ಸ್ಟ್ಯಾಂಡರ್ಡ್ ಹೆರಾಲ್ಡ್ ಹಿರಿಯರಿಗೆ ನೆನಪಿರಬೇಕು. ಅದರ ಎಂಜಿನ್ ವಂಶದ್ದೇ ಇಂಗ್ಲೆಂಡಿನ ಟ್ರಯಂಫ್ ಸ್ಪಿಟ್‌ಫೈರ್ ಸ್ಪೋರ್ಟ್ಸ್ ಕಾರಿನ ಎಂಜಿನ್ ಕೂಡ. ಸ್ಪಿಟ್‌ಫೈರಿನ 1296 ಸಿಸಿ ಎಂಜಿನ್ನಿನ ಸ್ಟ್ರೋಕ್ 76 ಮಿ.ಮೀ. ಆಸುಪಾಸು. 1970ರ ದಶಕದಲ್ಲಿ ಬೋರ್ ಮುಟ್ಟದೆ ಸ್ಟ್ರೋಕನ್ನು 87.5ಕ್ಕೆ ಉದ್ದ ಮಾಡಿ 1493 ಸಿಸಿ ಮಾಡಿದರು. ಕೆಳ ಸುತ್ತಿನಲ್ಲಿ ಜಗ್ಗುವ ಬಲ ಬಂತು, ಊರೊಳಗೆ ಓಡಿಸಲು ಹಿತವಾಯಿತು. ಆದರೆ ಹಳೆಯದರ ಹಾಗೆ ತಾಸುಗಟ್ಟಲೆ ಮೇಲಿನ ಸುತ್ತಿನಲ್ಲಿ ಓಡಿಸಿದವರಿಗೆ ಬೇರಿಂಗ್ ಹೋಗತೊಡಗಿತು. ಸ್ಪಿಟ್‌ಫೈರ್ 1500ಕ್ಕೆ ಆ ಹೆಸರು ಇಂದಿಗೂ ಇದೆ. ನೋಡಲು ಅದೇ ಕಾರು, ಹೆಸರೂ ಅದೇ, ತಡೆಯುವ ಸುತ್ತು ಮಾತ್ರ ಬೇರೆ. ಆದ್ದರಿಂದ "ಅವರ ಗಾಡಿ ಆರು ಸಾವಿರ ಹೋಗ್ತದ, ನಂದ್ಯಾಕ ಹೋಗಬಾರದು" ಎನ್ನುವವರು ಮೊದಲು ತಮ್ಮ ಎಂಜಿನ್ನಿನ ಬೋರ್, ಸ್ಟ್ರೋಕ್ ತಿಳಿದುಕೊಳ್ಳಲಿ.

ಇನ್ನೊಂದು ಅಂಕಿಯನ್ನೂ ಹುಡುಕಿಕೊಳ್ಳಿ. ಗರಿಷ್ಠ ಶಕ್ತಿ ಎಷ್ಟು ಸುತ್ತಿನಲ್ಲಿ ಬರುತ್ತದೆ? ಎಂಜಿಬಿಯ 95 ಅಶ್ವಶಕ್ತಿ ಬರುವುದು 5400ರಲ್ಲಿ. ಅದನ್ನು 6000ಕ್ಕೆ ಏರಿಸಿದರೆ ಗಾಡಿ ಹೆಚ್ಚು ಓಡುವುದಿಲ್ಲ, ಬೋಲ್ಟಿಗೆ ಜಗ್ಗಾಟ ಮಾತ್ರ ಹೆಚ್ಚು. ಹೋಂಡಾ ಎಸ್2000 ಬೇರೆ ಜಾತಿಯದು. 1999ರಲ್ಲಿ ಬಂದ ಅದರ ಎರಡು ಲೀಟರ್ ಎಂಜಿನ್ 8300ರಲ್ಲಿ ಗರಿಷ್ಠ ಶಕ್ತಿ ಕೊಟ್ಟು 9000ದವರೆಗೆ ಹೋಗುತ್ತದೆ. ಆಗ ಪಿಸ್ಟನ್ ವೇಗ ಸೆಕೆಂಡಿಗೆ 25 ಮೀಟರ್ ಮೀರುತ್ತದೆ. ರಾಡು, ಬೋಲ್ಟು, ಸ್ಪ್ರಿಂಗು ಎಲ್ಲವನ್ನೂ ಆ ಸುತ್ತಿಗೆಂದೇ ಮಾಡಿದ್ದಾರೆ. ಆ ಎಂಜಿನ್ನನ್ನು 3000ದಲ್ಲೇ ಓಡಿಸುವವರು ಅದನ್ನು ಉಳಿಸುತ್ತಿಲ್ಲ, ಕೆಲಸ ಕೊಡದೆ ಕೂರಿಸುತ್ತಿದ್ದಾರೆ.

ಈಗ ಆಯಿಲ್ ವಿಷಯ. ಇಲ್ಲಿ ಸ್ವಲ್ಪ ನಿಲ್ಲುತ್ತೇನೆ. ನಮ್ಮ ಭಾಗದಲ್ಲಿ ಅತಿ ಹೆಚ್ಚು ಎಂಜಿನ್ ಸವೆಯುವುದು ಈ ಒಂದು ತಪ್ಪು ತಿಳಿವಳಿಕೆಯಿಂದ ಎಂದು ನನಗೆ ಗಟ್ಟಿಯಾಗಿ ಅನ್ನಿಸುತ್ತದೆ. ಎಲ್ಲರೂ ಹೇಳುತ್ತಾರೆ: "ನಮ್ಮ ಕಲಬುರಗಿ ಬಿಸಿಲಾಗ ಗಾಡಿ ಕಾಯಿಸೋದೇನದರಿ, ನಿಂತಲ್ಲೇ ಕಾದಿರ್ತದ." ಮೇ ತಿಂಗಳಲ್ಲಿ ನಮ್ಮಲ್ಲಿ 42 ಡಿಗ್ರಿ ಏರುವುದು ಹೊಸದೇನಲ್ಲ. ಬಾನೆಟ್ ಮುಟ್ಟಿದರೆ ಕೈ ಸುಡುತ್ತದೆ, ನಿಜ. ಆದರೆ ಬೇರಿಂಗಿಗೆ ಬೇಕಾದ ಬಿಸಿ ಅದಲ್ಲ. ಆಯಿಲ್ ಸರಿಯಾಗಿ ಕೆಲಸ ಮಾಡುವುದು ಸುಮಾರು 90ರಿಂದ 110 ಡಿಗ್ರಿಯಲ್ಲಿ. ಹಳೆಯ ಗಾಡಿಗೆ ಹಾಕುವ 20ಡಬ್ಲ್ಯು-50 ಆಯಿಲ್ 40 ಡಿಗ್ರಿಯಲ್ಲಿ, ಅಂದರೆ ನಮ್ಮ ಬೇಸಿಗೆಯ ಮಧ್ಯಾಹ್ನದ ಬಿಸಿಯಲ್ಲಿ, 100 ಡಿಗ್ರಿಯಲ್ಲಿರುವುದಕ್ಕಿಂತ ಎಂಟು ಒಂಬತ್ತು ಪಟ್ಟು ದಪ್ಪ. ಎಂಜಿನ್ ಲೆಕ್ಕದಲ್ಲಿ ಸುಡುಬಿಸಿಲಲ್ಲಿ ನಿಂತ ಗಾಡಿಯೂ ತಣ್ಣನೆಯ ಗಾಡಿಯೇ.

ದಪ್ಪ ಆಯಿಲ್ ಇದ್ದಾಗ ಪ್ರೆಶರ್ ಮೀಟರಿನ ಮುಳ್ಳು ಮೇಲಿರುತ್ತದೆ. ನೋಡಿದವರು ಖುಷಿ ಪಡುತ್ತಾರೆ. ಅದು ಖುಷಿ ಪಡುವ ಸಂಗತಿ ಅಲ್ಲ. ಸಂದಿಯಲ್ಲಿ ನುಗ್ಗಲಾರದೆ ಆಯಿಲ್ ತಡೆದು ನಿಂತಿರುವುದರಿಂದಲೇ ಒತ್ತಡ ಏರಿರುತ್ತದೆ. ಆಗ ಸುತ್ತು ಹೆಚ್ಚಿಸಿದರೆ ಹೆಚ್ಚಾದ ಒತ್ತಡ ಬಿಡುವ ರಿಲೀಫ್ ವಾಲ್ವ್ ತೆರೆದು ಪಂಪು ಎತ್ತಿದ ಆಯಿಲಿನಲ್ಲಿ ಒಂದು ಪಾಲು ಬೇರಿಂಗಿಗೆ ಹೋಗದೆ ಕೆಳಗಿನ ಆಯಿಲ್ ಚೇಂಬರಿಗೇ ವಾಪಸು ಹೋಗುತ್ತದೆ. ಅದರ ಮೇಲೆ ಲೋಹದ ಗುಣ ಬೇರೆ. ಅಲ್ಯೂಮಿನಿಯಂ ಪಿಸ್ಟನ್ ಬೀಡು ಕಬ್ಬಿಣದ ಬ್ಲಾಕಿಗಿಂತ ಸುಮಾರು ಎರಡು ಪಟ್ಟು ಹಿಗ್ಗುತ್ತದೆ. ಮೇಲೆ ಬೆಂಕಿ ಇರುವುದರಿಂದ ಬೇಗ ಕಾಯುವುದೂ ಅದೇ. ತಣ್ಣನೆಯ ಎಂಜಿನ್ನಿಗೆ ಏಕಾಏಕಿ ರೇಸ್ ಕೊಟ್ಟರೆ ಬ್ಲಾಕ್ ಹಿಗ್ಗುವ ಮೊದಲೇ ಪಿಸ್ಟನ್ ಹಿಗ್ಗಿ ಗೋಡೆಗೆ ಉಜ್ಜುತ್ತದೆ. ಗೀರು ಬೀಳುವುದು ಹೀಗೆ.

ಡ್ಯಾಶ್‌ಬೋರ್ಡಿನ ಟೆಂಪರೇಚರ್ ಮೀಟರ್ ತೋರಿಸುವುದು ನೀರಿನ ಬಿಸಿ. ನೀರು ಬೇಗ ಕಾಯುತ್ತದೆ, ಆಯಿಲ್ ನಿಧಾನ. ಮೀಟರಿನ ಮುಳ್ಳು ಮಧ್ಯಕ್ಕೆ ಬಂದು ನಿಂತ ಮೇಲೂ ಹತ್ತಿರ ಹತ್ತಿರ ಅಷ್ಟೇ ಹೊತ್ತು ತಾಳಬೇಕು. ಸೂಪರ್ ಮಾರ್ಕೆಟ್‌ನಿಂದ ಹೊರಟು ರಿಂಗ್ ರಸ್ತೆ ದಾಟುವ ಹೊತ್ತಿಗೆ ನೀರು ಕಾದಿರುತ್ತದೆ. ಹುಮನಾಬಾದ್ ಹಾದಿಯಲ್ಲಿ ಕಮಲಾಪುರದ ಅರ್ಧ ದೂರ ಹೋಗುವ ತನಕ ನಾನು 3000 ದಾಟಿಸುವುದಿಲ್ಲ, ಎಕ್ಸಿಲೇಟರನ್ನು ಪೂರ್ತಿ ಒತ್ತುವುದೂ ಇಲ್ಲ.

ಹಾಗೆಂದು ಮನೆ ಮುಂದೆ ಸ್ಟಾರ್ಟ್ ಮಾಡಿಟ್ಟು ಚಹಾ ಕುಡಿದು ಬರುವುದೂ ಬೇಡ. ಕಾರ್ಬ್ಯುರೇಟರ್ ಗಾಡಿ ಚೋಕ್ ಎಳೆದುಕೊಂಡು ನಿಂತರೆ ಪೆಟ್ರೋಲ್ ಹೆಚ್ಚಾಗಿ ಬಂದು ಸಿಲಿಂಡರ್ ಗೋಡೆಯ ಆಯಿಲನ್ನು ತೊಳೆದುಬಿಡುತ್ತದೆ. ಎಷ್ಟೋ ಹಳೆಯ ಎಂಜಿನ್ನುಗಳಲ್ಲಿ ವಾಲ್ವ್ ತೆರೆಸುವ ಕ್ಯಾಮಿಗೆ ಆಯಿಲ್ ಸಿಗುವುದು ಕ್ರ್ಯಾಂಕ್ ಸಿಡಿಸಿದ ಹನಿಗಳಿಂದ. ಐಡಲ್‌ನಲ್ಲಿ ಆ ಸಿಡಿತ ಸಾಲುವುದಿಲ್ಲ. ಸ್ಟಾರ್ಟ್ ಆಗಿ ಪ್ರೆಶರ್ ಬಂತೋ, ನಿಧಾನಕ್ಕೆ ಹೊರಡಿ.

ಕಡಿಮೆ ಸುತ್ತಿನಲ್ಲೇ ಓಡಿಸುವವರಿಗೂ ಒಂದು ಮಾತು. ಡ್ರೈವಿಂಗ್ ಕಲಿಸುವಾಗಲೇ ನಮಗೆ ಹೇಳಿಕೊಡುತ್ತಾರೆ, ಬೇಗ ಬೇಗ ಟಾಪ್ ಗೇರ್ ಹಾಕು, ಮೈಲೇಜ್ ಬರ್ತದ ಅಂತ. 40 ಕಿ.ಮೀ. ವೇಗದಲ್ಲಿ ಟಾಪ್ ಗೇರಿನಲ್ಲಿಟ್ಟು ಎಕ್ಸಿಲೇಟರ್ ಪೂರ್ತಿ ಒತ್ತಿದರೆ ಗಾಡಿ ಗುಡುಗುಟ್ಟುತ್ತದಲ್ಲ, ಆಗ ಒಳಗೆ ಏನಾಗುತ್ತಿದೆ? ಶಾಫ್ಟ್ ಬೇರಿಂಗಿನ ಮೇಲೆ ತೇಲುವುದು ಆಯಿಲಿನ ತೆಳು ಪದರದ ಮೇಲೆ. ಆ ಪದರ ಹುಟ್ಟುವುದೇ ಶಾಫ್ಟ್ ತಿರುಗುವುದರಿಂದ. ಸುತ್ತು ಕಡಿಮೆಯಾದರೆ ಪದರ ತೆಳುವಾಗುತ್ತದೆ. ಅದೇ ಹೊತ್ತಿಗೆ ಸಿಲಿಂಡರಿನಲ್ಲಿ ಪೂರ್ತಿ ಸ್ಫೋಟದ ಒತ್ತಡ ಪಿಸ್ಟನ್ನನ್ನು ಕೆಳಕ್ಕೆ ಗುದ್ದುತ್ತಿರುತ್ತದೆ. ನಮ್ಮ ಬಿಸಿಲಿಗೆ ನಾಕಿಂಗ್ (ಪೆಟ್ರೋಲ್ ಹೊತ್ತಲ್ಲದ ಹೊತ್ತಿಗೆ ತಾನೇ ಸಿಡಿಯುವುದು) ಕೂಡ ಸೇರಿಕೊಂಡರೆ ಬೇರಿಂಗಿನ ಜೊತೆ ಪಿಸ್ಟನ್ನೂ ಹೋಗುತ್ತದೆ. 2000 ಸುತ್ತಿನಲ್ಲಿ ಪೂರ್ತಿ ಒತ್ತಿದ ಎಕ್ಸಿಲೇಟರಿಗಿಂತ 4000ದಲ್ಲಿ ಅರ್ಧ ಒತ್ತಿದ್ದು ಎಂಜಿನ್ನಿಗೆ ಎಷ್ಟೋ ಹಿತ. ಒಂದು ಗೇರ್ ಇಳಿಸಿ.

ಕಾದ ಎಂಜಿನ್ನನ್ನು ಆಗಾಗ ಮೇಲೆ ಒಯ್ಯುವುದರಿಂದ ಲಾಭವೂ ಇದೆ. ಪ್ಲಗ್ಗಿನ ತುದಿ 450-500 ಡಿಗ್ರಿ ಮುಟ್ಟಿದರೆ ಅದರ ಮೇಲಿನ ಮಸಿ ತಾನೇ ಸುಟ್ಟುಹೋಗುತ್ತದೆ. ಊರೊಳಗಿನ ಓಡಾಟದಲ್ಲಿ ಅಷ್ಟು ಬಿಸಿ ಬರುವುದೇ ಇಲ್ಲ. ರಿಂಗುಗಳು ಕಚ್ಚಿನಲ್ಲಿ ಅಲುಗಾಡಿ ಸಡಿಲವಾಗಿರುತ್ತವೆ. ಆಯಿಲಿನಲ್ಲಿ ಸೇರಿದ ನೀರು, ಪೆಟ್ರೋಲ್ ಆವಿಯಾಗಿ ಹೋಗುತ್ತವೆ. ಪಿಸ್ಟನ್ ಬದಲು ಮೂರು ಮೂಲೆಯ ರೋಟರ್ ತಿರುಗುವ, ಮಜ್ದಾ ಆರ್‌ಎಕ್ಸ್-7ರಂಥ ರೋಟರಿ ಎಂಜಿನ್ನಿನವರಂತೂ ಇದನ್ನು ಮರೆಯಲೇಬಾರದು. ಅದರ ಮೂಲೆಯ ಸೀಲುಗಳಿಗೆ ಕಾರ್ಬನ್ನೇ ದೊಡ್ಡ ಶತ್ರು.

ಮೇಲೆ ಒಯ್ಯಿ ಎಂದರೆ ರಸ್ತೆಯ ಮೇಲೆ ಹಾರಿಸಿ ಎಂದಲ್ಲ. ಎಂಜಿಬಿ ಎರಡನೇ ಗೇರಿನಲ್ಲಿ 5500 ಸುತ್ತಿಗೆ ಹೋಗುವುದು ಗಂಟೆಗೆ 70 ಕಿ.ಮೀ. ಆಸುಪಾಸು. ಹೆದ್ದಾರಿಯಲ್ಲಿ ಎಲ್ಲ ಗಾಡಿಗಳೂ ಓಡುವ ವೇಗ ಅದು. ಎರಡನೇ ಗೇರ್, ಮೂರನೇ ಗೇರ್ ಸಾಕು. ಕಬ್ಬಿನ ಟ್ರ್ಯಾಕ್ಟರುಗಳು ದೀಪವಿಲ್ಲದೆ ಬರುವ ರಸ್ತೆ ನಮ್ಮದು. ಹಗಲಲ್ಲೇ, ಮುಂದೆ ಖಾಲಿ ಕಂಡಾಗಲೇ ಮಾಡಿ.

ಕೆಂಪು ಗೆರೆ ಬರೆದದ್ದು ಹೊಸ ಎಂಜಿನ್ನಿಗೆ. ನಲವತ್ತು ಐವತ್ತು ವರ್ಷ ಆದ ಮೇಲೆ ಅದರೊಳಗಿನ ವಾಲ್ವ್ ಸ್ಪ್ರಿಂಗಿಗೆ ಮೊದಲಿನ ಬಿಗಿ ಉಳಿದಿರುವುದಿಲ್ಲ. ಸ್ಪ್ರಿಂಗ್ ಸೋತರೆ ಮೇಲಿನ ಸುತ್ತಿನಲ್ಲಿ ವಾಲ್ವ್ ಕ್ಯಾಮಿನ ಜೊತೆ ವಾಪಸು ಬರಲಾರದೆ ತೇಲುತ್ತದೆ. ಎಷ್ಟೋ ಎಂಜಿನ್ನುಗಳಲ್ಲಿ ಆಗ ಅದು ಪಿಸ್ಟನ್ನಿಗೆ ಬಡಿಯುತ್ತದೆ. ಕ್ರ್ಯಾಂಕಿನ ಮುಂದಿನ ಪುಲ್ಲಿಯಲ್ಲಿ ನಡುಕ ನುಂಗುವ ರಬ್ಬರ್ ಇದ್ದರೆ ಅದೂ ಗಟ್ಟಿಯಾಗಿ ಬಿರಿದಿರುತ್ತದೆ. ಟೈಮಿಂಗ್ ಬೆಲ್ಟ್ ಇದ್ದರಂತೂ ಅದು ಕಿಲೋಮೀಟರಿಗಿಂತ ವರ್ಷಕ್ಕೆ ಹಳೆಯದಾಗುತ್ತದೆ. ಅದನ್ನು ಯಾವಾಗ ಬದಲಿಸಿದ್ದು ಎಂದು ಗೊತ್ತಿಲ್ಲದ ಗಾಡಿಗೆ ರೇಸ್ ಕೊಡುವ ಮಾತೇ ಎತ್ತಬೇಡಿ.

ಮೀಟರನ್ನೂ ನಂಬಬೇಡಿ. ಹಳೆಯ ಆರ್‌ಪಿಎಂ ಮೀಟರುಗಳು ಕೆಲವು ನೂರು ಸುತ್ತು ಹೆಚ್ಚು ಕಡಿಮೆ ತೋರಿಸುವುದು ಮಾಮೂಲು. ಟೈಮಿಂಗ್ ಲೈಟ್ ಜೊತೆ ಬರುವ ಡಿಜಿಟಲ್ ಮೀಟರ್ ಹಾಕಿ 2000, 3000, 4000ದಲ್ಲಿ ತಾಳೆ ನೋಡಿ, ಒಂದು ಚೀಟಿಯಲ್ಲಿ ಬರೆದು ಅಂಟಿಸಿಕೊಳ್ಳಿ.

ಇತಿಹಾಸ ಗೊತ್ತಿಲ್ಲದ ಎಂಜಿನ್ನಿಗೆ ನಾನು ಕೊಡುವ ಮಿತಿ ಕೆಂಪು ಗೆರೆಯ ಶೇ. 80-85. ಆರು ಸಾವಿರದ್ದನ್ನು ಐದಕ್ಕೆ ನಿಲ್ಲಿಸಿದರೆ ಬೋಲ್ಟಿನ ಮೇಲಿನ ಎಳೆತ ಶೇ. 30ರಷ್ಟು ಇಳಿಯುತ್ತದೆ, ಓಡಿಸುವ ಸಂತೋಷ ಹೆಚ್ಚೇನೂ ಇಳಿಯುವುದಿಲ್ಲ. ಚೇಂಬರ್ ಬಿಚ್ಚಿ ಬೇರಿಂಗ್ ನೋಡಿ, ರಾಡ್ ಬೋಲ್ಟ್ ಹೊಸದು ಹಾಕಿ, ಸ್ಪ್ರಿಂಗ್ ಅಳೆಸಿದ ಮೇಲೆ ಮಿತಿಯನ್ನು ಮುಂದೆ ಸರಿಸಬಹುದು. ಎಂಜಿಬಿ ಅಣ್ಣಾವ್ರಿಗೆ ಇನ್ನೊಂದು ಮಾತು: 1964ರ ಕೊನೆಯವರೆಗೆ ಬಂದ ಎಂಜಿನ್ನಿಗೆ ಕ್ರ್ಯಾಂಕಿನ ಮೇನ್ ಬೇರಿಂಗ್ ಮೂರೇ, ಆಮೇಲಿನದ್ದಕ್ಕೆ ಐದು. ನಿಮ್ಮದು ಯಾವುದೆಂದು ನೋಡಿ ಆಮೇಲೆ ಮಾತಾಡೋಣ.

ನಮ್ಮ ಊರಿನ ಎರಡು ತೊಂದರೆಗಳನ್ನು ಹೇಳದಿದ್ದರೆ ಈ ಮಾತು ಪೂರ್ತಿ ಆಗುವುದಿಲ್ಲ. ಒಂದು, ನೀರು. ಸೇಡಂ, ಶಹಾಬಾದ್, ವಾಡಿ ಕಡೆಯದ್ದೆಲ್ಲಾ ಸುಣ್ಣಕಲ್ಲಿನ ನೆಲ. ಬೋರ್‌ವೆಲ್ ನೀರನ್ನು ರೇಡಿಯೇಟರಿಗೆ ಸುರಿದರೆ ಸುಣ್ಣ ಕಟ್ಟುತ್ತದೆ. ಬಿಂದಿಗೆಯ ಒಳಗೆ ಕಾಣುವ ಬಿಳಿ ಪದರವೇ ಬ್ಲಾಕಿನ ಒಳಗೂ ಕೂರುತ್ತದೆ. ಬಿಸಿ ಹೊರಗೆ ಹೋಗದ ಎಂಜಿನ್ ಯಾವ ಸುತ್ತನ್ನೂ ತಡೆಯುವುದಿಲ್ಲ. ಡಿಸ್ಟಿಲ್ಡ್ ವಾಟರ್, ಕೂಲೆಂಟ್ ಬಿಟ್ಟು ಬೇರೇನೂ ಹಾಕಬೇಡಿ. ಎರಡು, ಧೂಳು. ಸ್ಪೋರ್ಟ್ಸ್ ಕಾರಿನವರು ಸದ್ದು ಚಂದ ಕೇಳಲೆಂದು ಏರ್ ಫಿಲ್ಟರ್ ತೆಗೆದು ಕಾರ್ಬ್ಯುರೇಟರಿಗೆ ಬರೀ ತುತ್ತೂರಿ ಕೂರಿಸುತ್ತಾರೆ. ಸುತ್ತು ಏರಿದಷ್ಟೂ ಎಂಜಿನ್ ಎಳೆದುಕೊಳ್ಳುವ ಗಾಳಿ ಹೆಚ್ಚು, ಗಾಳಿಯ ಜೊತೆ ಧೂಳು ಹೆಚ್ಚು. ನಮ್ಮ ರಸ್ತೆಯಲ್ಲಿ ಫಿಲ್ಟರ್ ಇಲ್ಲದೆ ಓಡಿಸಿದ ಎಂಜಿನ್ನಿಗೆ ಬೋರ್ ಮಾಡಿಸುವ ದಿನ ಬಹಳ ಬೇಗ ಬರುತ್ತದೆ.

ಇನ್ನು ಸಭಿಕರ ಪ್ರಶ್ನೆಗಳು.

"ಸರ್, ಮದುವಿ ಮೆರವಣಿಗ್ಯಾಗ ನ್ಯೂಟ್ರಲ್‌ನಾಗ ಇಟ್ಟು ರೇಸ್ ಕೊಡ್ತಾರಲ್ರಿ, ಗಾಡಿ ಮ್ಯಾಲೆ ಭಾರ ಇರಲ್ಲ. ಅದರಿಂದ ಏನೂ ಆಗಲ್ಲ ಅಂತಾರ, ಖರೇನಾ?"

ಖರೇ ಅಲ್ಲ ತಮ್ಮಾ. ಬೋಲ್ಟಿನ ಮೇಲಿನ ಎಳೆತ ಗಾಡಿಯ ಭಾರದಿಂದ ಬರುವುದಲ್ಲ, ಪಿಸ್ಟನ್ನಿನ ಓಟದಿಂದ ಬರುವುದು. ಸಿಲಿಂಡರಿನಲ್ಲಿ ಒತ್ತಡ ಇದ್ದಾಗ ಅದು ಪಿಸ್ಟನ್ನನ್ನು ಮೇಲಿನಿಂದ ಅದುಮಿ ಆ ಎಳೆತವನ್ನು ಸ್ವಲ್ಪ ತಗ್ಗಿಸುತ್ತದೆ. ಖಾಲಿ ಗಾಡಿಗೆ ರೇಸ್ ಕೊಟ್ಟು ಥಟ್ಟನೆ ಬಿಟ್ಟಾಗ ಆ ಆಸರೆಯೂ ಇಲ್ಲ. ಭಾರವಿಲ್ಲದ್ದರಿಂದ ಮುಳ್ಳು ಎಷ್ಟು ಬೇಗ ಹಾರುತ್ತದೆಂದರೆ ಕಾಲು ತೆಗೆಯುವಷ್ಟರಲ್ಲಿ ಮಿತಿ ದಾಟಿರುತ್ತದೆ. ನಿಂತ ಗಾಡಿಗೆ ಎದುರು ಗಾಳಿಯೂ ಇಲ್ಲ. ಇದೊಂದನ್ನು ದಯವಿಟ್ಟು ಬಿಟ್ಟುಬಿಡಿ.

"ನಂದು ಹೋಂಡಾ ಸಿಟಿ ವಿಟೆಕ್, 2002ರದ್ದು. ಅದಕ್ಕ ಲಿಮಿಟರ್ ಅದರಿ, ಹಂಗಾದ್ರ ಅಂಜೋದೇನದ?"

ಲಿಮಿಟರ್ ಪೆಟ್ರೋಲ್ ನಿಲ್ಲಿಸುತ್ತದೆ, ಎಂಜಿನ್ ತನ್ನ ಬಲದಿಂದ ಮಿತಿ ದಾಟದಂತೆ ನೋಡಿಕೊಳ್ಳುತ್ತದೆ. ಐದನೇ ಗೇರಿನಿಂದ ನಾಲ್ಕಕ್ಕೆ ಹೋಗಬೇಕಾದವರು ಕೈ ತಪ್ಪಿ ಎರಡಕ್ಕೆ ಹಾಕಿದರೆ ಚಕ್ರವೇ ಎಂಜಿನ್ನನ್ನು ತಿರುಗಿಸುತ್ತದೆ. ಅಲ್ಲಿ ಲಿಮಿಟರ್ ಏನೂ ಮಾಡಲಾರದು. ನಾನು ಕಂಡಂತೆ ಹೆಚ್ಚು ಸುತ್ತಿನಿಂದ ವಾಲ್ವ್ ಬಾಗಿದ ಎಂಜಿನ್ನುಗಳಲ್ಲಿ ಬಹುಪಾಲು ಹೀಗೆ ಗೇರ್ ಇಳಿಸುವಾಗ ಹೋದವು. ಗೇರ್ ಇಳಿಸುವಾಗ ಕೈಗೆ ಅವಸರ ಬೇಡ.

"ಆಯಿಲ್ ಹೊಸ ದರ್ಜೇದು ಹಾಕಿದ್ರ ಛಲೋ ಅಲ್ಲೇನ್ರಿ?"

ಹೊಸ ಗಾಡಿಗೆ ಛಲೋ. ಹಳೆಯ ಎಂಜಿನ್ನಿನ ಕ್ಯಾಮ್, ವಾಲ್ವಿಗೆ ತಳ್ಳು ಕೊಡುವ ಚಪ್ಪಟೆ ಟ್ಯಾಪೆಟ್ ಮೇಲೆ ಉಜ್ಜುತ್ತಾ ಓಡುತ್ತದೆ. ಅದನ್ನು ಕಾಯುವುದು ಆಯಿಲಿನಲ್ಲಿರುವ ಜಿಂಕ್, ಫಾಸ್ಫರಸ್. ಹೊಸ ಗಾಡಿಗಳ ಕ್ಯಾಟಲಿಟಿಕ್ ಕನ್ವರ್ಟರ್ ಕೆಡಬಾರದೆಂದು ಹೊಸ ದರ್ಜೆಗಳಲ್ಲಿ ಫಾಸ್ಫರಸ್ ಕಡಿಮೆ ಮಾಡುತ್ತಾ ಬಂದಿದ್ದಾರೆ. ಡಬ್ಬಿ ಕೊಳ್ಳುವಾಗ ಹಳೆಯ ಎಂಜಿನ್ನಿಗೆ ಹೊಂದುತ್ತದೆಯೇ ಎಂದು ಓದಿ ಕೊಳ್ಳಿ. ಬಿಸಿಯಾದ ಮೇಲೆ ಪ್ರತಿ ಸಾವಿರ ಸುತ್ತಿಗೆ ಸುಮಾರು 10 ಪಿಎಸ್‌ಐ ಒತ್ತಡ ಇರಬೇಕು ಎಂಬುದು ಮಿಸ್ತ್ರಿಗಳ ಹಳೆಯ ಅಂದಾಜು. 4000ದಲ್ಲಿ ಅಷ್ಟು ತೋರಿಸದಿದ್ದರೆ ಅದಕ್ಕಿಂತ ಮೇಲೆ ಒಯ್ಯಬೇಡಿ.

ಕೊನೆಯ ಪ್ರಶ್ನೆ ಬೀದರಿನಿಂದ ಬಂದಿದ್ದ ಹಿರಿಯರದ್ದು: "ಹತ್ತು ವರ್ಷದಿಂದ ಶೆಡ್ಡಿನಾಗ ನಿಂತದರಿ. ಬ್ಯಾಟ್ರಿ ಹಾಕಿ ಸೆಲ್ಫ್ ಹೊಡಿಲ್ಲೇನು?"

ಬೇಡ್ರಿ ಕಾಕಾ. ಮೊದಲು ಪ್ಲಗ್ ಬಿಚ್ಚಿ ಪ್ರತಿ ಸಿಲಿಂಡರಿಗೆ ಒಂದೆರಡು ಚಮಚ ಆಯಿಲ್ ಬಿಡಿ, ಎರಡು ದಿನ ಹಾಗೇ ಇರಲಿ. ಹಳೆಯ ಪೆಟ್ರೋಲ್, ಹಳೆಯ ಆಯಿಲ್ ಎರಡನ್ನೂ ಇಳಿಸಿ ಹೊಸದು ಹಾಕಿ. ಪುಲ್ಲಿಗೆ ಪಾನಾ ಹಾಕಿ ಕೈಯಿಂದಲೇ ನಿಧಾನಕ್ಕೆ ತಿರುಗಿಸಿ. ಎಲ್ಲಾದರೂ ಹಿಡಿದರೆ ಅಲ್ಲೇ ನಿಲ್ಲಿಸಿ, ಜೋರು ಮಾಡಬೇಡಿ. ಸಲೀಸಾಗಿ ತಿರುಗಿದರೆ ಪ್ಲಗ್ ಇಲ್ಲದೆಯೇ ಸೆಲ್ಫ್ ಹೊಡೆದು ಪ್ರೆಶರ್ ಮೀಟರ್ ಮೇಲೇರುವುದನ್ನು ಕಣ್ಣಾರೆ ನೋಡಿ, ಆಮೇಲೆ ಪ್ಲಗ್ ಹಾಕಿ ಸ್ಟಾರ್ಟ್ ಮಾಡಿ. ಮೊದಲ ಕೆಲವು ನೂರು ಕಿಲೋಮೀಟರ್ 3000ದ ಒಳಗೇ ಇರಲಿ. ಆ ಆಯಿಲನ್ನು ಬೇಗ ಇಳಿಸಿ, ಬಿಳಿ ಬಟ್ಟೆಯಲ್ಲಿ ಸೋಸಿ, ಹೊಳೆಯುವ ಚೂರು ಇದೆಯೇ ನೋಡಿ. ಚೂರು ಕಂಡರೆ ಗಾಡಿ ಓಡಿಸದೆ, ಆ ಬಟ್ಟೆ ತೆಗೆದುಕೊಂಡು ನನ್ನ ಹತ್ತಿರ ಬನ್ನಿ.